ಮುದಿ ಇಲಿಯ ಮನೆವಾರ್ತೆ

ಸಾಕು ಇಲಿಗಳ ಬಗ್ಗೆ ಈ ಅಂಕಣದಲ್ಲಿ ಅಪರೂಪಕ್ಕೊಮ್ಮೆ ಬರೆಯುತ್ತಿದ್ದೆ. ಈ ಸಲದ ಪತ್ರಗಳನ್ನು ಹರಡಿಕೊಂಡು ಕೂತರೆ ಅರ್ಧಕ್ಕರ್ಧ ವಯಸ್ಸಾದ ಇಲಿಗಳದ್ದೇ. ಆಶ್ಚರ್ಯವೇನಿಲ್ಲ ಬಿಡಿ. ಸಾಕು ಇಲಿಯ ಆಯಸ್ಸೇ ಎರಡರಿಂದ ಮೂರು ವರ್ಷ. ಒಂದೂವರೆ ವರ್ಷ ದಾಟಿತೆಂದರೆ ಹಿರಿಯರ ಸಾಲಿಗೆ ಸೇರಿತು. ನಮ್ಮ ಕಣ್ಣಿಗೆ ಇನ್ನೂ ಮರಿಯಾಗಿರುವಾಗಲೇ ಅದಕ್ಕೆ ಮುಪ್ಪು ಬಂದಿರುತ್ತದೆ.

ಪತ್ರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಂಡಿತು: "ವಯಸ್ಸಾಯ್ತಲ್ಲ, ಅದಕ್ಕೇ ಇರಬೇಕು." ಕೆಲವು ಸಲ ಅದು ನಿಜ. ಎಷ್ಟೋ ಸಲ ಅದು ಔಷಧಿಗೆ ಬಗ್ಗುವ ಕಾಯಿಲೆ. ಯಾವುದು ಮುಪ್ಪು, ಯಾವುದು ಕಾಯಿಲೆ ಅಂತ ಬೇರೆ ಮಾಡಿ ನೋಡೋಣ.

ಪ್ರಶ್ನೆ: ನಮ್ಮ ಗುಂಡನಿಗೆ ಎರಡು ವರ್ಷ ತುಂಬಿದೆ. ಕೆಲವು ವಾರಗಳಿಂದ ಹಿಂಗಾಲು ಎಳೆದುಕೊಂಡು ನಡೆಯುತ್ತಾನೆ. ಪಂಜರದ ತುದಿಯವರೆಗೂ ಹತ್ತಿ ಕೂರುತ್ತಿದ್ದವನು ಈಗ ಕೆಳಗಿನ ಅಟ್ಟಕ್ಕೆ ಹತ್ತುವಾಗಲೇ ಜಾರುತ್ತಾನೆ. ಊಟ ಮಾತ್ರ ಚೆನ್ನಾಗಿ ಮಾಡುತ್ತಾನೆ. ಬಿದ್ದು ಬೆನ್ನಿಗೆ ಪೆಟ್ಟಾಗಿದೆಯೇ ಡಾಕ್ಟರೇ?

ಉತ್ತರ: ಪೆಟ್ಟಾಗಿದ್ದರೆ ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು. ನಿನ್ನೆ ಓಡಾಡಿಕೊಂಡಿದ್ದ ಇಲಿ ಇವತ್ತು ಬೆಳಗ್ಗೆ ಎರಡೂ ಕಾಲು ಎಳೆದರೆ, ಬೆನ್ನು ಮುಟ್ಟಿದಾಗ ಕಿರುಚಿದರೆ, ಉಚ್ಚೆ ಕಟ್ಟಿಕೊಂಡರೆ ಅದು ಅವತ್ತೇ ವೈದ್ಯರ ಹತ್ತಿರ ಓಡಬೇಕಾದ ವಿಷಯ. ನಿಮ್ಮ ಗುಂಡನದು ಮೆಲ್ಲಗೆ ಬಂದಿರುವುದು. ಬೆನ್ನುಹುರಿಯಿಂದ ಹಿಂಗಾಲಿಗೆ ಹೋಗುವ ನರಗಳ ಬುಡ ಸವೆಯುತ್ತದೆ. ಅದರ ಬೆನ್ನಿಗೇ ತೊಡೆಯ ಮಾಂಸ ಕರಗುತ್ತದೆ. ಎರಡು ವರ್ಷದ ಆಸುಪಾಸಿನ ಇಲಿಗಳಲ್ಲಿ, ಅದರಲ್ಲೂ ಗಂಡಿನಲ್ಲಿ, ಇದು ತುಂಬಾ ಸಾಮಾನ್ಯ. ಮೊದಲು ಹೆಜ್ಜೆ ತಡವರಿಸುತ್ತದೆ. ಆಮೇಲೆ ನಡೆಯುವಾಗ ಸೊಂಟ ನೆಲಕ್ಕೆ ಇಳಿಯುತ್ತದೆ. ಕೊನೆಕೊನೆಗೆ ಮುಂಗಾಲಿನ ಬಲದಲ್ಲೇ ಮೈ ಎಳೆದುಕೊಂಡು ಹೋಗುತ್ತದೆ. ಇದರಿಂದ ಸಾಮಾನ್ಯವಾಗಿ ನೋವಾಗುವುದಿಲ್ಲ. ಮತ್ತೆ ಸರಿ ಹೋಗುವುದೂ ಇಲ್ಲ. ಆದರೂ ಒಮ್ಮೆ ತೋರಿಸಿ. ಜೊತೆಗೆ ಕೀಲುನೋವು ಇದ್ದರೆ ಮೆಲಾಕ್ಸಿಕಾಮ್ ಎಂಬ ನೋವಿನ ಔಷಧಿಯನ್ನು ತೂಕ ನೋಡಿ ಬರೆದುಕೊಡುತ್ತಾರೆ. ಮನೆಯಲ್ಲಿರುವ ನಮ್ಮ ನಿಮ್ಮ ಮಾತ್ರೆಯನ್ನು ಪುಡಿ ಮಾಡಿ ಹಾಕುವುದು ಬೇಡವೇ ಬೇಡ.

ಈಗ ಬದಲಾಗಬೇಕಾದದ್ದು ಪಂಜರ. ಮೂರು ಅಂತಸ್ತಿನ ಪಂಜರವಿದ್ದರೆ ಮೇಲಿನ ಅಟ್ಟಗಳನ್ನು ತೆಗೆದುಬಿಡಿ. ಇಲಿಗೆ ತನ್ನ ಕಾಲು ಹೋಗಿದೆ ಅಂತ ಅರ್ಥವಾಗುವುದಿಲ್ಲ. ಅಭ್ಯಾಸಬಲದಿಂದ ಹತ್ತುತ್ತದೆ, ಹತ್ತಿದ್ದು ಬೀಳುತ್ತದೆ. ನೀರಿನ ಬಾಟಲಿಯ ಕೊಳವೆ ಎಷ್ಟು ಎತ್ತರದಲ್ಲಿದೆ ನೋಡಿ. ಹಿಂಗಾಲ ಮೇಲೆ ನಿಂತು ಕುಡಿಯುವಷ್ಟು ಎತ್ತರದಲ್ಲಿದ್ದರೆ ಅದು ನೀರನ್ನೇ ಬಿಟ್ಟೀತು. ನಾಲ್ಕೂ ಕಾಲು ಊರಿ ನಿಂತಾಗ ಮೂಗಿಗೆ ಸಿಗುವಂತೆ ಕೆಳಗಿಳಿಸಿ, ಪಕ್ಕದಲ್ಲಿ ಮಗುಚಿಕೊಳ್ಳದಂಥ ಭಾರದ ಬಟ್ಟಲಲ್ಲೂ ಸ್ವಲ್ಪ ನೀರಿಡಿ. ನೂರು ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 10 ಮಿಲಿಲೀಟರ್ ನೀರು ಒಳಗೆ ಹೋಗಬೇಕು. ತೂಗುಮಂಚ ಇಷ್ಟಪಡುವ ಇಲಿಯಾದರೆ ಅದನ್ನು ಕಿತ್ತುಹಾಕಬೇಡಿ, ಪಾಪ. ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಕಟ್ಟಿ, ಕೆಳಗೆ ದಪ್ಪ ಬಟ್ಟೆ ಹಾಸಿ.

ತಂತಿಯ ನೆಲವಿದ್ದರೆ ಪೂರ್ತಿ ಮುಚ್ಚಿ. ಕಾಲು ಎಳೆಯುವ ಇಲಿಯ ಹಿಮ್ಮಡಿ ಸದಾ ನೆಲಕ್ಕೆ ಉಜ್ಜುತ್ತಿರುತ್ತದೆ. ಅಲ್ಲಿ ಮೊದಲು ಕೂದಲಿಲ್ಲದ ಜಾಗ ಕೆಂಪಾಗುತ್ತದೆ, ಆಮೇಲೆ ಗಟ್ಟಿ ಗಂಟು, ಆಮೇಲೆ ಹುಣ್ಣು. ಹುಣ್ಣಾದ ಮೇಲೆ ಗುಣ ಮಾಡುವುದು ಬಹಳ ಕಷ್ಟ. ಮೆತ್ತನೆಯ ಉಣ್ಣೆಯಂಥ ಬಟ್ಟೆ ಹಾಸಿದರೆ ಒಳ್ಳೆಯದು. ಆದರೆ ಅಂಚಿನ ದಾರ ಬಿಚ್ಚಿಕೊಂಡಿದ್ದರೆ ಅದರಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ವಾರಕ್ಕೊಮ್ಮೆ ಕತ್ತರಿ ಹಿಡಿದು ಅಂಚು ನೋಡಿ.

ಇನ್ನೊಂದು ವಿಷಯ. ಹೆಚ್ಚಿನವರು ಇದನ್ನು ಗಮನಿಸುವುದಿಲ್ಲ. ಇಲಿ ತನ್ನ ಕಿವಿಯನ್ನು ಕೆರೆದು ಶುಚಿ ಮಾಡಿಕೊಳ್ಳುವುದು ಹಿಂಗಾಲಿನಿಂದ. ಕಾಲು ಹೋದ ಮೇಲೆ ಕಿವಿಯಲ್ಲಿ ಕೊಳೆ ಕೂರುತ್ತದೆ, ಬೆನ್ನಿನ ಹಿಂಭಾಗದ ಕೂದಲು ಜಿಡ್ಡುಗಟ್ಟುತ್ತದೆ, ಹೊಟ್ಟೆಯ ಕೆಳಗೆ ಉಚ್ಚೆ ತಾಗಿ ಚರ್ಮ ಸುಡುತ್ತದೆ. ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಗಿಸಿ. ಸಾಬೂನು ಬೇಡ. ಗಂಡು ಇಲಿಯಾದರೆ ಶಿಶ್ನದ ತುದಿಯನ್ನೂ ನೋಡಬೇಕು. ಸಂಕೋಚ ಪಟ್ಟುಕೊಂಡರೆ ಆಗುವುದಿಲ್ಲ. ಅಲ್ಲಿ ಮೇಣದಂಥ ಗಟ್ಟಿ ಕೊಳೆ ಕೂತು ಉಚ್ಚೆಗೆ ತೊಂದರೆಯಾಗುವುದುಂಟು. ಹೇಗೆ ತೆಗೆಯಬೇಕೆಂದು ವೈದ್ಯರ ಕೈಯಲ್ಲಿ ಒಮ್ಮೆ ತೋರಿಸಿಕೊಳ್ಳಿ.

ಬಾಕಿ ಗುಂಡ ಗುಂಡನೇ. ಊಟ ಸೇರುತ್ತಿದೆ, ನಿಮ್ಮ ದನಿ ಕೇಳಿದರೆ ಬಾಗಿಲಿಗೆ ಬರುತ್ತಾನೆ ಅಂದರೆ ಇನ್ನೂ ತಿಂಗಳುಗಟ್ಟಲೆ ಆರಾಮಾಗಿ ಇರಬಲ್ಲ.

ಪ್ರಶ್ನೆ: ಬೆಳಗ್ಗೆ ನೋಡಿದರೆ ಇಲಿಯ ಕಣ್ಣಿನ ಸುತ್ತ ರಕ್ತ! ಮೂಗಿನ ತುದಿಯಲ್ಲೂ ಒಣಗಿದ ರಕ್ತ. ಗಾಬರಿಯಿಂದ ಬರೆಯುತ್ತಿದ್ದೇನೆ.

ಉತ್ತರ: ಅದು ಬಹುಶಃ ರಕ್ತವಲ್ಲ. ಇಲಿಯ ಕಣ್ಣಿನ ಹಿಂದಿನ ಗ್ರಂಥಿಯಿಂದ ಕಣ್ಣಿಗೆ ಪಸೆ ಕೊಡುವ ದ್ರವ ಬರುತ್ತದೆ. ಅದರಲ್ಲಿ ಪಾರ್ಫಿರಿನ್ ಎಂಬ ಕೆಂಪು ಬಣ್ಣದ ವಸ್ತುವಿದೆ. ಒಣಗಿದರೆ ಥೇಟ್ ರಕ್ತದ ಕಲೆ. ನೋಟು ಅಸಲಿಯೋ ನಕಲಿಯೋ ನೋಡುವ ನೇರಳಾತೀತ ದೀಪವಿದೆಯಲ್ಲ, ಅದನ್ನು ಒರೆಸಿದ ಹತ್ತಿಯ ಮೇಲೆ ಹಿಡಿಯಿರಿ. ಗುಲಾಬಿ ಕೆಂಪಾಗಿ ಹೊಳೆದರೆ ಪಾರ್ಫಿರಿನ್. ರಕ್ತ ಹಾಗೆ ಹೊಳೆಯುವುದಿಲ್ಲ. ದೀಪವನ್ನು ಇಲಿಯ ಕಣ್ಣಿಗೆ ಹಿಡಿಯಬೇಡಿ, ಹತ್ತಿಗೆ ಮಾತ್ರ.

ಗಟ್ಟಿಮುಟ್ಟಾದ ಇಲಿಗೂ ಇದು ಬರುತ್ತಲೇ ಇರುತ್ತದೆ, ಆದರೆ ಕೂಡಲೇ ಮುಖ ತೊಳೆದುಕೊಂಡುಬಿಡುವುದರಿಂದ ನಮಗೆ ಕಾಣುವುದಿಲ್ಲ. ಕಾಣುತ್ತಿದೆ ಅಂದರೆ ಎರಡರಲ್ಲೊಂದು: ದ್ರವ ಜಾಸ್ತಿ ಬರುತ್ತಿದೆ, ಇಲ್ಲವೇ ಮುಖ ತೊಳೆದುಕೊಳ್ಳಲು ಅದಕ್ಕೆ ಆಗುತ್ತಿಲ್ಲ. ನಿದ್ದೆಯಿಂದ ಎದ್ದಾಗ ಸ್ವಲ್ಪ ಇದ್ದು ಆಮೇಲೆ ಹೋದರೆ ಚಿಂತೆಯಿಲ್ಲ. ದಿನವಿಡೀ ಇದ್ದರೆ, ಒಂದೇ ಕಣ್ಣಿಗೆ ಇದ್ದರೆ, ಜೊತೆಗೆ ಸೀನು ಅಥವಾ ತೂಕ ಇಳಿಕೆ ಇದ್ದರೆ ಒಳಗೆ ಬೇರೇನೋ ನಡೆಯುತ್ತಿದೆ. ಅದಕ್ಕೆ ಮುಂದಿನ ಉತ್ತರ ಓದಿ.

ಪ್ರಶ್ನೆ: ನಮ್ಮ ಹೆಣ್ಣು ಇಲಿ ಮರಿಯಾಗಿದ್ದಾಗಿನಿಂದಲೂ ಆಗಾಗ ಸೀನುತ್ತಿತ್ತು. ಈಗ ಇಪ್ಪತ್ತು ತಿಂಗಳು. ಉಸಿರಾಡುವಾಗ ಗೊರಗೊರ ಶಬ್ದ. ಅಮ್ಮ "ಮುದುಕಿಯಾಯ್ತು, ಗೊರಕೆ" ಅನ್ನುತ್ತಾರೆ. ಹೌದೇ?

ಉತ್ತರ: ಅಮ್ಮನಿಗೆ ನನ್ನ ನಮಸ್ಕಾರ ಹೇಳಿ, ಆದರೆ ಇದನ್ನು ನಾನು ಒಪ್ಪುವುದಿಲ್ಲ. ಸಾಕು ಇಲಿಗಳಲ್ಲಿ ಬಹುಪಾಲು ತಮ್ಮ ಶ್ವಾಸನಾಳದಲ್ಲಿ ಮೈಕೋಪ್ಲಾಸ್ಮಾ ಪಲ್ಮೋನಿಸ್ ಎಂಬ ಸೂಕ್ಷ್ಮಾಣುವನ್ನು ಹೊತ್ತುಕೊಂಡೇ ಬದುಕುತ್ತವೆ. ಎಷ್ಟೋ ಸಲ ತಾಯಿಯಿಂದಲೇ ಬಂದಿರುತ್ತದೆ. ಹರೆಯದಲ್ಲಿ ಸೀನಿನಲ್ಲೇ ಮುಗಿಯುವ ಇದು ವಯಸ್ಸಾದ ಮೇಲೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಪೂರ್ತಿ ಓಡಿಸಲು ಆಗುವುದಿಲ್ಲ. ಹತೋಟಿಯಲ್ಲಿಡಬಹುದು. ಹಾಗಾಗಿ ಇದು ಚಿಕಿತ್ಸೆ ಬೇಡುವ ಕಾಯಿಲೆ.

ಮೊದಲು ಕೇಳುವುದು ಕಲಿಯಿರಿ. ಟಿವಿ, ಫ್ಯಾನ್ ಎಲ್ಲ ನಿಲ್ಲಿಸಿ. ಇಲಿಯನ್ನು ಎರಡೂ ಕೈಯಲ್ಲಿ ಎತ್ತಿ, ಅದರ ಪಕ್ಕೆ ನಿಮ್ಮ ಕಿವಿಗೆ ತಾಗುವಂತೆ ಹಿಡಿಯಿರಿ. ಒಳಗಿನಿಂದ ಚಿಟಿಚಿಟಿ, ಸುಯ್ಯೆನ್ನುವ, ಗುಳಗುಳ ಶಬ್ದ ಬಂದರೆ ತೊಂದರೆ ಎದೆಯಲ್ಲಿದೆ. ಆಮೇಲೆ ಅದು ಮಲಗಿರುವಾಗ ಪಕ್ಕೆ ಏರಿಳಿಯುವುದನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ ಸುಮಾರು 70ರಿಂದ 115 ಸಹಜ. ಎಣಿಕೆಗಿಂತ ಮುಖ್ಯವಾದದ್ದು ಉಸಿರಿಗೆ ಅದು ಪಡುವ ಶ್ರಮ. ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡಿದರೆ, ಪಾದ ಅಥವಾ ಬಾಲ ನೀಲಿ ಛಾಯೆಗೆ ತಿರುಗಿದ್ದರೆ ಈ ಪತ್ರಿಕೆ ಪಕ್ಕಕ್ಕಿಟ್ಟು ಹೊರಡಿ.

ವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್, ಎನ್ರೋಫ್ಲಾಕ್ಸಾಸಿನ್ ಅಥವಾ ಎರಡನ್ನೂ ಒಟ್ಟಿಗೆ ಕೊಡುತ್ತಾರೆ. ವಾರಗಟ್ಟಲೆ ಕೊಡಬೇಕಾಗುತ್ತದೆ. ಶಬ್ದ ನಿಂತಿತು ಅಂತ ಅರ್ಧಕ್ಕೆ ಬಿಡಬಾರದು. ಇಲ್ಲೊಂದು ಸೂಕ್ಷ್ಮವಿದೆ. ಕಹಿ ಔಷಧಿಯನ್ನು ಮೊಸರಿಗೆ ಬೆರೆಸಿ ಕೊಡುವವರೇ ಜಾಸ್ತಿ. ಹಾಲು ಮೊಸರಿನ ಕ್ಯಾಲ್ಸಿಯಂ ಈ ಎರಡೂ ಔಷಧಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಹತ್ತಬೇಕಾದಷ್ಟು ಹತ್ತುವುದಿಲ್ಲ. ಹಿಸುಕಿದ ಬಾಳೆಹಣ್ಣಿನಲ್ಲಿ ಬೆರೆಸಿ ಕೊಡಿ. ಸೂಜಿಯಿಲ್ಲದ ಒಂದು ಮಿಲಿಲೀಟರ್ ಸಿರಿಂಜಿನಲ್ಲಿ ಮೊದಲ ಎರಡು ದಿನ ಸುಮ್ನೆ ಬಾಳೆಹಣ್ಣು ಮಾತ್ರ ತುಂಬಿ ನೆಕ್ಕಿಸಿ, ಮೂರನೇ ದಿನ ಔಷಧಿ ಸೇರಿಸಿ. ಸಿರಿಂಜ್ ಕಂಡ ಕೂಡಲೇ ಓಡಿಬರುವ ಇಲಿಗಳನ್ನು ನಾನು ನೋಡಿದ್ದೇನೆ. ಹಾಗೆ ತಿನ್ನಿಸುವ ಅಭ್ಯಾಸವನ್ನು ಆರೋಗ್ಯವಾಗಿರುವಾಗಲೇ ಮಾಡಿಸಿಟ್ಟರೆ ಇನ್ನೂ ವಾಸಿ. ಬಲವಂತವಾಗಿ ಬಾಯಿಗೆ ಸುರಿದರೆ ಶ್ವಾಸನಾಳಕ್ಕೆ ಹೋದೀತು. ಬಾಯಿಯ ಪಕ್ಕದಿಂದ ಹನಿಹನಿಯಾಗಿ ಕೊಡಿ.

ಔಷಧಿಯಷ್ಟೇ ಮುಖ್ಯ ಪಂಜರದ ಗಾಳಿ. ಉಚ್ಚೆಯಿಂದೇಳುವ ಅಮೋನಿಯಾ ಈ ಕಾಯಿಲೆಗೆ ತುಪ್ಪ ಸುರಿದಂತೆ. ಪಂಜರಕ್ಕೆ ಮುಖ ಹತ್ತಿರ ತಂದಾಗ ನಿಮ್ಮ ಮೂಗಿಗೆ ಘಾಟು ಬಂದರೆ ಹಾಸು ಬದಲಿಸುವುದು ಆಗಲೇ ತಡವಾಗಿದೆ. ದೇವದಾರು, ಪೈನ್ ಮರದ ಹೊಟ್ಟು ಹಾಸಬೇಡಿ, ಅದರ ವಾಸನೆಯ ಎಣ್ಣೆ ಶ್ವಾಸಕ್ಕೆ ಕೆಟ್ಟದ್ದು. ಕಾಗದದ ಹಾಸು ಸಾಕು. ಊದುಬತ್ತಿ, ಸೊಳ್ಳೆಬತ್ತಿ, ಸಿಗರೇಟು, ಸುಗಂಧದ ಸ್ಪ್ರೇ ಯಾವುದೂ ಆ ಕೋಣೆಯಲ್ಲಿ ಬೇಡ.

ಪ್ರಶ್ನೆ: ಇಲಿಯ ಮುಂಗಾಲಿನ ಕಂಕುಳ ಹತ್ತಿರ ಗಡ್ಡೆ ಎದ್ದಿದೆ. ಮೂರು ವಾರದಲ್ಲಿ ಎರಡು ಸೆಂಟಿಮೀಟರ್ ಆಗಿದೆ. ಹೆಣ್ಣು, ಇಪ್ಪತ್ತೆರಡು ತಿಂಗಳು. ಒಬ್ಬ ವೈದ್ಯರು "ಇಷ್ಟು ವಯಸ್ಸಿಗೆ ಆಪರೇಷನ್ ಯಾಕೆ, ಬಿಡಿ" ಅಂದರು. ಇನ್ನೊಬ್ಬರು ಇವತ್ತೇ ತೆಗೆಯೋಣ ಅಂದರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರೂ ತಪ್ಪು ಹೇಳಿಲ್ಲ, ಆದರೆ ಇಬ್ಬರೂ ನಿಮಗೆ ಪೂರ್ತಿ ಹೇಳಿಲ್ಲ.

ಹೆಣ್ಣು ಇಲಿಗಳಲ್ಲಿ ಈ ಗಡ್ಡೆ ಬಹಳ ಸಾಮಾನ್ಯ. ಅವುಗಳ ಸ್ತನದ ಅಂಗಾಂಶ ಹೊಟ್ಟೆಗಷ್ಟೇ ಸೀಮಿತವಲ್ಲ. ಕುತ್ತಿಗೆಯ ಬುಡದಿಂದ ತೊಡೆಸಂದಿನವರೆಗೆ, ಪಕ್ಕೆಯವರೆಗೂ ಹರಡಿರುತ್ತದೆ. ಹಾಗಾಗಿ ಕಂಕುಳಲ್ಲಿ, ಭುಜದ ಹತ್ತಿರ, ಎಲ್ಲಿ ಬೇಕಾದರೂ ಏಳಬಹುದು. ಇವುಗಳಲ್ಲಿ ಹೆಚ್ಚಿನವು ಫೈಬ್ರೋಅಡಿನೋಮಾ, ಅಂದರೆ ಬೇರೆ ಅಂಗಕ್ಕೆ ಹರಡದ ಗಡ್ಡೆ. ಬೆರಳಲ್ಲಿ ತಳ್ಳಿದರೆ ಚರ್ಮದ ಕೆಳಗೆ ಸಲೀಸಾಗಿ ಜರುಗುತ್ತದೆ. ಹರಡದಿದ್ದರೂ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಬಿಟ್ಟರೆ ಇಲಿಯ ತೂಕದ ದೊಡ್ಡ ಪಾಲು ಗಡ್ಡೆಯದ್ದೇ ಆಗುತ್ತದೆ. ನಡಿಗೆಗೆ ಅಡ್ಡ ಬರುತ್ತದೆ, ನೆಲಕ್ಕೆ ಉಜ್ಜಿ ಒಡೆಯುತ್ತದೆ.

ಅದಕ್ಕೇ ನಾನು ಕೇಳುವ ಪ್ರಶ್ನೆ ವಯಸ್ಸಿನದಲ್ಲ. ಎದೆ ಹೇಗಿದೆ? ಮಾಂಸ ತುಂಬಿಕೊಂಡಿದೆಯೇ, ಬೆನ್ನುಮೂಳೆ ಕೈಗೆ ಚುಚ್ಚುತ್ತದೆಯೇ? ಕಾಲು ಗಟ್ಟಿಯಿದೆಯೇ? ಆಪರೇಷನ್ ಮಾಡುವವರಿಗೆ ಇಲಿಗಳ ಮೇಲೆ ಕೈ ಪಳಗಿದೆಯೇ? ಇದಕ್ಕೆಲ್ಲ ಒಳ್ಳೆಯ ಉತ್ತರ ಸಿಕ್ಕರೆ ಎರಡು ಸೆಂಟಿಮೀಟರ್ ಇರುವಾಗಲೇ ತೆಗೆಸಿ. ಐದು ಸೆಂಟಿಮೀಟರ್ ಆಗುವವರೆಗೆ ಯೋಚಿಸುತ್ತ ಕೂತರೆ ಅದೇ ಆಪರೇಷನ್ ಎರಡರಷ್ಟು ಕಷ್ಟವಾಗುತ್ತದೆ. ಉಸಿರಾಟದ ತೊಂದರೆಯಿರುವ, ಇಳಿದುಹೋದ ಇಲಿಯಾದರೆ ನಾನು ಕತ್ತರಿ ಹಿಡಿಯುವುದಿಲ್ಲ. ಆಗ ನೋವಿನ ಔಷಧಿ, ಮೆತ್ತನೆಯ ಹಾಸು, ಗಡ್ಡೆಯ ಮೇಲಿನ ಚರ್ಮ ಒಡೆಯದಂತೆ ದಿನಾ ನೋಡಿಕೊಳ್ಳುವುದು, ಇಷ್ಟೇ.

ನಾನು ಸಾಕಿದ್ದ ಚುಕ್ಕಿಗೆ ಮೊದಲ ಗಡ್ಡೆ ಎದ್ದಾಗ ತೆಗೆಸಿದೆ. ಸಂಜೆಗೆಲ್ಲ ಕೂತು ಬಟಾಣಿ ತಿಂದಳು, ಮರುದಿನ ಹೊಲಿಗೆ ಕಚ್ಚಲು ಶುರು ಮಾಡಿದಳು. ತಿಂಗಳುಗಳಾದ ಮೇಲೆ ಇನ್ನೊಂದು ಪಕ್ಕದಲ್ಲಿ ಎದ್ದಿತು. ಆಗ ಅವಳ ಎದೆ ಚೆನ್ನಾಗಿರಲಿಲ್ಲ. ಅದನ್ನು ಮುಟ್ಟಲಿಲ್ಲ. ಒಂದೇ ಇಲಿ, ಎರಡು ಸಲ ಎರಡು ಉತ್ತರ.

ಒಪ್ಪಿಗೆ ಕೊಡುವ ಮುಂಚೆ ಒಂದು ಪರೀಕ್ಷೆ ಇದೆ. "ರಾತ್ರಿಯಿಂದ ಉಪವಾಸ ಇಡಬೇಕೇ?" ಅಂತ ಕೇಳಿ. ನಾಯಿ, ಬೆಕ್ಕು, ಮನುಷ್ಯರಿಗೆ ಅರಿವಳಿಕೆಯಲ್ಲಿ ವಾಂತಿಯಾಗುವ ಭಯ. ಇಲಿಗೆ ವಾಂತಿ ಮಾಡಿಕೊಳ್ಳಲು ಬರುವುದೇ ಇಲ್ಲ. ಜೊತೆಗೆ ಅಷ್ಟು ಪುಟ್ಟ ಮೈಯಲ್ಲಿ ಉಪವಾಸದಿಂದ ಸಕ್ಕರೆ ಬೇಗ ಇಳಿದುಬಿಡುತ್ತದೆ. "ರಾತ್ರಿಯೆಲ್ಲ ಏನೂ ಕೊಡಬೇಡಿ" ಅಂದರೆ ಅವರು ಇಲಿಗಳನ್ನು ಜಾಸ್ತಿ ನೋಡಿಲ್ಲ ಅಂತ ತಿಳಿಯಿರಿ.

ಮರಿ ತರುವ ಯೋಚನೆಯಲ್ಲಿರುವವರಿಗೆ ಒಂದು ಮಾತು: ಹೆಣ್ಣು ಇಲಿಗೆ ಮೂರು ತಿಂಗಳ ಹೊತ್ತಿಗೆ ಅಂಡಾಶಯ ತೆಗೆಸಿದರೆ ಈ ಗಡ್ಡೆಗಳು ಬರುವುದು ಬಹಳ ಕಡಿಮೆಯಾಗುತ್ತದೆ.

ಪ್ರಶ್ನೆ: ನಮ್ಮದು ಬಿಸ್ಕತ್ತನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿತ್ತು. ಈಗ ಕೈಯಿಂದ ಜಾರಿಹೋಗುತ್ತದೆ, ನೆಲದಲ್ಲಿ ಬಿದ್ದದ್ದನ್ನು ನೆಕ್ಕುತ್ತದೆ. ತಲೆಯೂ ಸ್ವಲ್ಪ ಒಂದು ಕಡೆಗೆ ವಾಲಿದೆ. ಹಲ್ಲುನೋವೇ?

ಉತ್ತರ: ನೀವು ಗಮನಿಸಿದ್ದು ಬಹಳ ಮುಖ್ಯವಾದದ್ದು. ಇಲ್ಲಿ ಎರಡು ದಾರಿಗಳಿವೆ. ಒಂದು, ಕಿವಿಯ ಒಳಗಿನ ಸೋಂಕು. ತಲೆ ದಿಢೀರನೆ ಒಂದು ಕಡೆ ವಾಲುತ್ತದೆ, ಇಲಿ ಗಿರಕಿ ಹೊಡೆಯುತ್ತದೆ, ಕೆಲವೊಮ್ಮೆ ಉರುಳುತ್ತದೆ, ಆದರೆ ಕೂರಿಸಿ ಹಿಡಿದರೆ ಕೈಯಲ್ಲಿ ತಿಂಡಿ ಹಿಡಿಯಬಲ್ಲದು. ಇದಕ್ಕೆ ಬೇಗ ಔಷಧಿ ಶುರು ಮಾಡಿದರೆ ಗುಣವಾಗುತ್ತದೆ. ತಲೆ ಸ್ವಲ್ಪ ವಾಲಿಯೇ ಉಳಿಯಬಹುದು, ಅದರಿಂದೇನೂ ತೊಂದರೆಯಿಲ್ಲ. ಇನ್ನೊಂದು, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆ. ವಯಸ್ಸಾದ ಹೆಣ್ಣುಗಳಲ್ಲಿ ಜಾಸ್ತಿ. ಇದರಲ್ಲಿ ಮುಂಗಾಲು ಬಿಗಿಯಾಗಿ ಮುಂದಕ್ಕೆ ಚಾಚಿಕೊಳ್ಳುತ್ತದೆ, ಬೆರಳು ಮಡಚಿ ತಿಂಡಿ ಹಿಡಿಯಲು ಬರುವುದಿಲ್ಲ. ಮಂಕಾಗಿ ಮೂಲೆಗೆ ತಲೆ ಒತ್ತಿ ನಿಲ್ಲುತ್ತದೆ.

ನೀವು ಬರೆದದ್ದರಲ್ಲಿ ಎರಡರ ಲಕ್ಷಣವೂ ಇದೆ. ಕೂಡಲೇ ತೋರಿಸಿ. ಸ್ಕ್ಯಾನ್ ಇಲ್ಲದೆ ಖಚಿತವಾಗಿ ಹೇಳುವುದು ಕಷ್ಟ, ಅದಕ್ಕೇ ಹೆಚ್ಚಿನ ವೈದ್ಯರು ಸೋಂಕಿನ ಔಷಧಿಯನ್ನೂ ಊತ ಇಳಿಸುವ ಔಷಧಿಯನ್ನೂ ಕೊಟ್ಟು ಕೆಲವು ದಿನ ನೋಡುತ್ತಾರೆ. ಗಡ್ಡೆಯೇ ಆಗಿದ್ದರೆ ಸ್ಟಿರಾಯ್ಡ್ ಅಥವಾ ಕ್ಯಾಬರ್ಗೋಲಿನ್‌ನಿಂದ ಸ್ವಲ್ಪ ಕಾಲ ಹಿತವಾಗಿ ಇಡಬಹುದು. ತೆಗೆಯುವುದು ಸಾಧ್ಯವಿಲ್ಲವೆಂದೇ ಹೇಳಬೇಕು.

ಹಲ್ಲನ್ನೂ ನೋಡಿ. ಕೈಯಲ್ಲಿ ಹಿಡಿದು ಕಡಿಯದ ಇಲಿಯ ಮುಂಬಲ್ಲು ಸವೆಯುವುದಿಲ್ಲ. ವಾರಕ್ಕೆ ಎರಡು-ಮೂರು ಮಿಲಿಮೀಟರ್ ಬೆಳೆಯುವ ಹಲ್ಲು ಅದು, ಬೇಗ ಡೊಂಕಾಗಿ ಒಸಡಿಗೆ ಚುಚ್ಚುತ್ತದೆ. ಬಣ್ಣ ಹಳದಿ-ಕಿತ್ತಳೆ ಇದ್ದರೆ ಹೆದರಬೇಡಿ, ಅದೇ ಅದರ ಸಹಜ ಬಣ್ಣ.

ಪ್ರಶ್ನೆ: ಮುದಿ ಇಲಿಗೆ ಏನು ತಿನ್ನಿಸಬೇಕು? ಸಿಕ್ಕಾಪಟ್ಟೆ ಇಳಿದಿದೆ ಅನ್ನಿಸುತ್ತಿದೆ.

ಉತ್ತರ: "ಅನ್ನಿಸುತ್ತಿದೆ" ಸಾಲದು. ಅಡುಗೆಮನೆಯಲ್ಲಿಡುವ ಡಿಜಿಟಲ್ ತಕ್ಕಡಿ ಒಂದನ್ನು ಇಲಿಗೇ ಅಂತ ಇಟ್ಟುಬಿಡಿ. ಅದರ ಮೇಲೆ ಡಬ್ಬಿಯಿಟ್ಟು ಸೊನ್ನೆ ಮಾಡಿ, ಇಲಿಯನ್ನು ಡಬ್ಬಿಯೊಳಗೆ ಬಿಟ್ಟು, ವಾರಕ್ಕೊಮ್ಮೆ ಅದೇ ಹೊತ್ತಿಗೆ ತೂಗಿ ಬರೆದಿಡಿ. 400 ಗ್ರಾಂ ಇದ್ದದ್ದು 360ಕ್ಕೆ ಬಂತೆಂದರೆ ಹತ್ತನೇ ಒಂದು ಪಾಲು ಹೋಯಿತು, ಕಾರಣ ಹುಡುಕಲೇಬೇಕು. ಕೂದಲು ಮುಚ್ಚಿರುವುದರಿಂದ ಕಣ್ಣಿಗೆ ಇದು ಕಾಣುವುದೇ ಇಲ್ಲ. ಗಡ್ಡೆಯಿರುವ ಇಲಿಯಲ್ಲಿ ಇನ್ನೂ ಮೋಸ. ಗಡ್ಡೆ ಬೆಳೆದು ತೂಕ ಹಾಗೇ ಇರುತ್ತದೆ, ಇಲಿ ಮಾತ್ರ ಕರಗುತ್ತಿರುತ್ತದೆ. ಅಂಥದ್ದಕ್ಕೆ ಬೆನ್ನುಮೂಳೆಯ ಮೇಲೆ ಬೆರಳಾಡಿಸಿ ನೋಡಿ.

ಆಹಾರಕ್ಕೆ ಬರೋಣ. ಇಲಿಗಳಿಗೆಂದೇ ಮಾಡಿದ ಗುಳಿಗೆಯಂಥ ಆಹಾರವೇ ಮೂಲ ಇರಲಿ, ಪ್ರೋಟೀನು ನೂರಕ್ಕೆ 14ರ ಆಸುಪಾಸು. ಅದಕ್ಕಿಂತ ಜಾಸ್ತಿ ಬೇಡ, ಯಾಕೆಂದರೆ ಮುದಿ ಇಲಿಗಳಲ್ಲಿ, ಗಂಡುಗಳಲ್ಲಿ ಮುಖ್ಯವಾಗಿ, ಮೂತ್ರಪಿಂಡ ಸೋಲುತ್ತ ಬರುತ್ತದೆ. ನೀರು ಜಾಸ್ತಿ ಕುಡಿಯುವುದು, ಹಾಸು ಬೇಗ ಒದ್ದೆಯಾಗುವುದು ಅದರ ಸುಳಿವು. ಗುಳಿಗೆ ಗಟ್ಟಿಯಾಯಿತೆಂದರೆ ಬಿಸಿನೀರಲ್ಲಿ ನೆನೆಸಿ ಗಂಜಿಯ ಹದಕ್ಕೆ ತನ್ನಿ. ಬೇಯಿಸಿದ ತರಕಾರಿ, ಓಟ್ಸ್, ಸ್ವಲ್ಪ ಬೆಂದ ಮೊಟ್ಟೆ ಸೇರಿಸಬಹುದು. ನೆನೆಸಿದ್ದು ಹುಳಿಯಾಗುವ ಮೊದಲು ತೆಗೆದುಬಿಡಿ. ಹಾಗಂತ ಹರಿವಾಣ ತುಂಬಿಸಿ ಮುದ್ದು ಮಾಡಲು ಹೋಗಬೇಡಿ. ತೂಕ ಹೆಚ್ಚಾದರೆ ಆ ಬಡ ಹಿಮ್ಮಡಿಗೇ ಪೆಟ್ಟು.

ಅಂಟುವ ತಿಂಡಿ ಬೇಡ. ಕಡಲೆಕಾಯಿ ಬೆಣ್ಣೆ ಉಂಡೆಯಾಗಿ ಗಂಟಲಲ್ಲಿ ಕೂತರೆ ವಾಂತಿ ಮಾಡಿ ಹೊರಹಾಕಲು ಅದಕ್ಕೆ ಬರುವುದಿಲ್ಲ ಅಂತ ಆಗಲೇ ಹೇಳಿದೆ. ಗಲ್ಲ ಎದೆಗೊತ್ತಿಕೊಂಡು, ಜೊಲ್ಲು ಸುರಿಸುತ್ತ, ಬಾಯಿಯನ್ನು ಕೈಯಿಂದ ಉಜ್ಜಿದರೆ ಗಂಟಲಿಗೆ ಸಿಕ್ಕಿದೆ ಅಂತ ತಿಳಿಯಿರಿ. ಗಂಡು ಇಲಿಗೆ ಕಿತ್ತಳೆ ಸಿಪ್ಪೆ ಬೇಡ. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಗಂಡು ಇಲಿಯ ಮೂತ್ರಪಿಂಡಕ್ಕೆ ಮಾತ್ರ ಕೆಡುಕು, ಹೆಣ್ಣಿಗೆ ಏನೂ ಆಗುವುದಿಲ್ಲ. ವಿಚಿತ್ರ, ಅಲ್ವಾ? ಗಂಡು ಇಲಿಯ ಮೈಯಲ್ಲಿ ಮಾತ್ರ ಹೇರಳವಾಗಿರುವ ಒಂದು ಪ್ರೋಟೀನಿಗೆ ಅದು ಅಂಟಿಕೊಂಡು ಮೂತ್ರಪಿಂಡದಲ್ಲಿ ಸೇರಿಬಿಡುತ್ತದೆ.

ಪ್ರಶ್ನೆ: ನಾನು ಏಳನೇ ಕ್ಲಾಸ್. ನೆಲಬಾಂಬು ಹುಡುಕುವ ಮಗಾವಾ ಇಲಿ ಎಂಟು ವರ್ಷ ಬದುಕಿತ್ತು ಅಂತ ಓದಿದೆ. ನನ್ನ ಇಲಿಯೂ ಹಾಗೆ ಬದುಕಲು ಏನು ಮಾಡಬೇಕು ಆಂಟಿ?

ಉತ್ತರ: ಪುಟ್ಟಾ, ಮಗಾವಾ ಆಫ್ರಿಕಾದ ದೈತ್ಯ ಚೀಲಕೆನ್ನೆಯ ಇಲಿ. ನಿನ್ನ ಇಲಿಗೆ ದೂರದ ನೆಂಟ ಅಷ್ಟೇ, ಬೇರೆ ಕುಟುಂಬ. ಒಂದು ಕಿಲೋಗಿಂತ ಜಾಸ್ತಿ ತೂಗುತ್ತಿದ್ದ. ಕಾಂಬೋಡಿಯಾದಲ್ಲಿ ನೂರಕ್ಕೂ ಹೆಚ್ಚು ನೆಲಬಾಂಬು ಮತ್ತು ಸಿಡಿಮದ್ದು ಪತ್ತೆ ಮಾಡಿ, 2020ರಲ್ಲಿ ಚಿನ್ನದ ಪದಕ ಪಡೆದು, 2021ರಲ್ಲಿ ನಿವೃತ್ತನಾಗಿ, 2022ರ ಜನವರಿಯಲ್ಲಿ ತೀರಿಕೊಂಡ. ಆ ಜಾತಿಗೆ ಎಂಟು ವರ್ಷ ಸಹಜ. ನಿನ್ನ ಇಲಿಗೆ ಮೂರು ವರ್ಷವೇ ದೊಡ್ಡ ವಯಸ್ಸು. ವಾರಕ್ಕೊಮ್ಮೆ ತೂಕ ನೋಡುವ ಕೆಲಸ ನೀನು ವಹಿಸಿಕೋ.

ಪ್ರಶ್ನೆ: ಎರಡು ಅಣ್ಣತಮ್ಮಂದಿರಲ್ಲಿ ಒಬ್ಬ ಹೋದ. ಉಳಿದವನು ಮೂಲೆ ಹಿಡಿದಿದ್ದಾನೆ. ಜೊತೆಗೆ ಒಂದು ಮರಿ ತರಲೇ?

ಉತ್ತರ: ತರುವುದಾದರೆ ಎರಡು ತನ್ನಿ. ಒಂದೇ ಮರಿ ತಂದರೆ ಅದಕ್ಕೆ ಆಡಲು ಸಿಗುವುದು ಈ ಅಜ್ಜ ಮಾತ್ರ. ಹಗಲಿರುಳು ಅವನ ಮೈಮೇಲೆ ಬಿದ್ದು ನಿದ್ದೆ ಕೆಡಿಸುತ್ತದೆ. ಎರಡಿದ್ದರೆ ಅವು ತಮ್ಮತಮ್ಮಲ್ಲೇ ಗುದ್ದಾಡಿಕೊಂಡು, ಮಲಗುವ ಹೊತ್ತಿಗೆ ಬಂದು ಅಜ್ಜನಿಗೆ ಅಂಟಿಕೊಳ್ಳುತ್ತವೆ. ಹೊಸಬರನ್ನು ಮೊದಲ ಎರಡು ವಾರ ಬೇರೆ ಕೋಣೆಯಲ್ಲಿಡಿ, ಸೀನು-ಹೇನು ಏನಿದೆ ಗೊತ್ತಾಗಲಿ. ಮೊದಲ ಭೇಟಿ ಯಾರದ್ದೂ ಅಲ್ಲದ ಜಾಗದಲ್ಲಿ ಆಗಲಿ. ಕೂದಲು ನಿಗುರಿಸಿ, ಬೆನ್ನು ಕಮಾನು ಮಾಡಿ, ಅಡ್ಡಡ್ಡ ಸರಿಯುತ್ತ ಬಂದರೆ ಬೇರೆ ಮಾಡಿ. ಮರಿಯ ಮೇಲೆ ಕೂತು ಕುತ್ತಿಗೆ ನೆಕ್ಕಿದರೆ ಅದು ಯಜಮಾನಿಕೆ, ಬಿಟ್ಟುಬಿಡಿ.

ಆದರೆ ಉಳಿದವನಿಗೆ ಆಗಲೇ ಉಬ್ಬಸವಿದ್ದರೆ, ಕಾಲಿಲ್ಲದಿದ್ದರೆ ಮರಿಗಳನ್ನು ತರಬೇಡಿ. ಆ ಜೊತೆ ನೀವೇ ಕೊಡಿ. ಸಂಜೆ ಓದುವಾಗ, ಟಿವಿ ನೋಡುವಾಗ ಅಂಗಿಯೊಳಗೆ ಮಡಿಲಲ್ಲಿ ಮಲಗಿಸಿಕೊಳ್ಳಿ. ಹಲ್ಲು ಕಟಕಟ ಮಾಡುತ್ತ ಕಣ್ಣುಗುಡ್ಡೆ ಒಳಗೆ ಹೊರಗೆ ಕುಣಿಸಿದರೆ ಹಿತವಾಗಿದ್ದಾನೆ ಅಂತ ಲೆಕ್ಕ.

ಪ್ರಶ್ನೆ: ಸಾಕು ಅನ್ನುವ ಹೊತ್ತು ಯಾವುದು? ಯಾರೂ ನೇರವಾಗಿ ಹೇಳುವುದಿಲ್ಲ. ನೀವಾದರೂ ಹೇಳಿ ಡಾಕ್ಟರೇ.

ಉತ್ತರ: ಹೇಳುತ್ತೇನೆ. ಇಷ್ಟದ ತಿಂಡಿ ಮೂಗಿನ ಹತ್ತಿರ ಹಿಡಿದರೂ ಇಡೀ ದಿನ ಬೇಡವೆಂದರೆ. ಔಷಧಿ ಕೊಟ್ಟ ಮೇಲೂ ಉಸಿರಿಗೆ ಪರದಾಡುತ್ತಿದ್ದರೆ. ತನ್ನ ಉಚ್ಚೆಯಲ್ಲೇ ಮಲಗಿ ಏಳಲಾಗದಿದ್ದರೆ. ಇವುಗಳಲ್ಲಿ ಒಂದೇ ಇದ್ದರೂ ಅವತ್ತೇ ವೈದ್ಯರೊಡನೆ ಈ ಮಾತು ಎತ್ತಿ. ಇಲಿಯ ಮುಖದಲ್ಲೇ ನೋವನ್ನು ಓದುವ ಒಂದು ಅಳತೆಗೋಲನ್ನು ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು. ಅದು ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಕಣ್ಣು ಅರೆಮುಚ್ಚಿದೆಯೇ? ಮೂಗು-ಕೆನ್ನೆಯ ಉಬ್ಬು ಹೋಗಿ ಮುಖ ಚಪ್ಪಟೆಯಾಗಿದೆಯೇ? ಕಿವಿ ಸುರುಟಿ ಹೊರಕ್ಕೆ ತಿರುಗಿದೆಯೇ? ಮೀಸೆ ಸೆಟೆದುಕೊಂಡಿದೆಯೇ? ಆರೋಗ್ಯವಾಗಿರುವಾಗ ಒಂದು ಫೋಟೊ ತೆಗೆದಿಟ್ಟುಕೊಂಡಿದ್ದರೆ ಹೋಲಿಸಿ ನೋಡುವುದು ಸುಲಭ.

"ನಿದ್ದೆಯಲ್ಲೇ ಹೋಗಲಿ" ಅಂತ ಕಾಯುವವರು ತುಂಬಾ ಜನ. ಹಾಗೆ ಹೋಗುವುದೂ ಉಂಟು, ಆದರೆ ಎದೆಯ ಕಾಯಿಲೆಯಿರುವ ಇಲಿ ಹೆಚ್ಚಾಗಿ ಹಾಗೆ ಹೋಗುವುದಿಲ್ಲ. ಗಂಟೆಗಟ್ಟಲೆ ಗಾಳಿಗೆ ಹೋರಾಡುತ್ತದೆ. ದಯಾಮರಣ ಕೊಡಿಸುವುದಾದರೆ ಮೊದಲೇ ಕೇಳಿಟ್ಟುಕೊಳ್ಳಿ: ಮೊದಲು ಅರಿವಳಿಕೆ ಅನಿಲ ಕೊಟ್ಟು ಪೂರ್ತಿ ನಿದ್ದೆ ಬಂದ ಮೇಲೆಯೇ ಇಂಜೆಕ್ಷನ್ ಕೊಡುತ್ತೀರಾ? ಹೌದು ಅನ್ನುವವರ ಹತ್ತಿರ ಹೋಗಿ. ಎಚ್ಚರವಿರುವ ಇಲಿಯ ಎದೆಗೆ ಸೂಜಿ ಚುಚ್ಚಲು ಬಿಡಬೇಡಿ. ಜೊತೆಗಾರ ಇಲಿಯಿದ್ದರೆ ದೇಹವನ್ನು ಸ್ವಲ್ಪ ಹೊತ್ತು ಅದರ ಮುಂದಿಡಿ. ಮೂಸಿ, ತಳ್ಳಿ ನೋಡಿ, ಆಮೇಲೆ ತನ್ನ ಪಾಡಿಗೆ ಹೋಗುತ್ತದೆ. ಹಾಗೆ ನೋಡಿದ ಇಲಿ ಪಂಜರವೆಲ್ಲ ಹುಡುಕಾಡುವುದು ಕಡಿಮೆ ಅಂತ ನನ್ನ ಅನುಭವ.

ಉಳಿದ ಜಾಗದಲ್ಲಿ ಚುಟುಕಾಗಿ

*ಉಗುರು ಕತ್ತರಿಸಲು ಬಿಡುವುದಿಲ್ಲ ಅಂದವರಿಗೆ:* ಒಬ್ಬರು ಸಿರಿಂಜಿನಲ್ಲಿ ಬಾಳೆಹಣ್ಣು ನೆಕ್ಕಿಸಿ, ಇನ್ನೊಬ್ಬರು ಬರೀ ತುದಿ ಕತ್ತರಿಸಿ. ಒಂದು ಸಲಕ್ಕೆ ಒಂದೇ ಕಾಲು ಸಾಕು. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ.

*ಚಳಿಗೆ ಹೀಟಿಂಗ್ ಪ್ಯಾಡ್ ಹಾಕಲೇ ಅಂದವರಿಗೆ:* ಕಾಲಿಲ್ಲದ ಇಲಿ ಬಿಸಿಯಾದರೆ ಸರಿದು ಹೋಗಲಾರದು, ಸುಟ್ಟುಕೊಳ್ಳುತ್ತದೆ. ಬೆಚ್ಚಗಿನ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಬದಿಯಲ್ಲಿಡಿ. ಸೆಕೆಯಲ್ಲಿ ಇದಕ್ಕಿಂತ ಜಾಸ್ತಿ ಎಚ್ಚರ ಬೇಕು. ಇಲಿಗೆ ಮೈ ಬೆವರುವುದಿಲ್ಲ, ಬಾಲದಿಂದ ಬಿಸಿ ಹೊರಹಾಕುತ್ತದೆ. 30 ಡಿಗ್ರಿ ದಾಟಿತೆಂದರೆ ತಂಪು ಮಾಡಿ.

*ಭುಜದ ಮೇಲೆ ಕಜ್ಜಿಯಂತೆ ಹುರುಪೆ ಎದ್ದಿದೆ ಅಂದವರಿಗೆ:* ನುಸಿ ಇರಬೇಕು. ಮೈ ಶುಚಿ ಮಾಡಿಕೊಳ್ಳಲಾಗದ ಮುದಿ ಇಲಿಯಲ್ಲಿ ಬೇಗ ಹೆಚ್ಚುತ್ತದೆ. ನಾಯಿಗೆ ಹಾಕುವ ಔಷಧಿಯನ್ನು ಅಂದಾಜಿನಲ್ಲಿ ಹಾಕಬೇಡಿ, ಇಲಿಯ ತೂಕಕ್ಕೆ ಹನಿಯ ಲೆಕ್ಕವನ್ನು ವೈದ್ಯರೇ ಹಾಕಬೇಕು. ಗಂಡು ಇಲಿಯ ಬೆನ್ನಿನಲ್ಲಿ ಕಿತ್ತಳೆ ಬಣ್ಣದ ಜಿಡ್ಡಿನ ಹೊಟ್ಟು ಮಾತ್ರ ಕಂಡರೆ ಅದು ನುಸಿಯಲ್ಲ, ಗಂಡುಗಳಿಗೆ ಇರುವಂಥದ್ದೇ.

*ಮುತ್ತು ಕೊಡಬಹುದೇ ಅಂದವರಿಗೆ:* ತಲೆಯ ಮೇಲೆ ಕೊಡಿ, ಬಾಯಿಗೆ ಬೇಡ. ಇಲಿ ಕಡಿತದ ಜ್ವರ ಎಂಬ ಸೋಂಕು ಕಚ್ಚದೆಯೂ ಬರಬಹುದು. ಎತ್ತಿ ಆಡಿಸಿದ ಮೇಲೆ ಕೈ ತೊಳೆಯಿರಿ.